ನಲ್ಲಿ ಬಂದ ಭಾನುವಾರ

ಕೋಲಾರದ ನಮ್ಮ ಬೀದಿಗೆ ನೀರು ಹನ್ನೊಂದು ದಿನಕ್ಕೊಮ್ಮೆ,
ಅದೂ ಈ ಸಲ ಚರ್ಚಿನ ಗಂಟೆಯ ಹೊತ್ತಿಗೇ.
ಹೋದ ಸಲ ಕೊಡ ಸರಿಸಿದ್ದಕ್ಕೆ
ಎದುರುಮನೆ ಆಂಜಿನಮ್ಮ ತೆಲುಗಿನಲ್ಲಿ ಅಂದದ್ದನ್ನು
ನಾನು ಕನ್ನಡದಲ್ಲಿ ಕೂಡಿಟ್ಟಿದ್ದೆ,
ಒಂದಕ್ಷರವೂ ತುಳುಕದಂತೆ.

ಇವತ್ತು ಪ್ರಭುಭೋಜನ. ಇಸ್ತ್ರಿ ಸೀರೆ, ಚೀಲದಲ್ಲಿ ಬೈಬಲ್ಲು,
ಕಾಣಿಕೆಯ ಐವತ್ತರ ನೋಟು ಬೆವರಿದ ಅಂಗೈಯಲ್ಲಿ.
ಮೂರನೇ ಮೆಟ್ಟಿಲಲ್ಲಿ ಕಾಲು ನಿಂತುಬಿಟ್ಟಿತು.
ಒಳಗಿನ ಬೆಂಚಿನಲ್ಲಿ ಅವಳ ದನಿ
ನನಗಿಂತ ಮೊದಲೇ ಬಂದು ಕೂತಿತ್ತು.

ಹಿಂದಿರುಗಿದೆ. ದೇವರ ಮೇಲೂ ಸ್ವಲ್ಪ ಸಿಟ್ಟಿತ್ತು:
ಅವಳನ್ನೇ ಕಳಿಸಬಹುದಿತ್ತಲ್ಲ ನನ್ನ ಬಳಿಗೆ?

ಆಂಜಿನಮ್ಮ ಸೊಂಟ ಹಿಡಿದುಕೊಂಡು ನಲ್ಲಿಯ ಮುಂದೆ ಕೂತಿದ್ದಳು.
‘ಅವತ್ತಿನ ಮಾತು...’ ಅಂದೆ.
‘ಏ ಮಾಟ?’ ಅಂದಳು.
ನಿಜಕ್ಕೂ ಮರೆತಿದ್ದಳು.
ಹನ್ನೊಂದು ದಿನ ನಾನೊಬ್ಬಳೇ ಹೊತ್ತಿದ್ದೆ,
ಇಳಿಸು ಅಂತ ಯಾರೂ ಅನ್ನದೆ.

ಸೆರಗು ಸಿಕ್ಕಿಸಿ ಅವಳ ಆರು ಬಿಂದಿಗೆ ಒಳಗಿಟ್ಟೆ.
ಅಷ್ಟರಲ್ಲಿ ನಲ್ಲಿ ಗಾಳಿ ಬಿಟ್ಟಿತು; ನನ್ನ ಡ್ರಮ್ಮು ಖಾಲಿ.
ಅತ್ತ ರೊಟ್ಟಿ ಮುರಿದು ಹಂಚಿ ಆಗಿರಬೇಕು.

ಟೀ ಕೊಟ್ಟಳು. ಸಕ್ಕರೆ ಹೆಚ್ಚು, ಲೋಟದ ಅಂಚು ಸೊಟ್ಟ.
ಸಿಕ್ಕಿಸಿದ ಸೆರಗು ಬಿಚ್ಚಿ, ಯಾಕೋ, ತಲೆಗೆ ಹೊದ್ದು
ಎರಡೂ ಕೈಯಲ್ಲಿ ಹಿಡಿದೆ.