ಎಂಟು

ಪೋರ್ವೆನೀರ್ ಧಕ್ಕೆಯಲ್ಲಿ ಗಾಳಿ ಎಂದೂ ಕೂರುವುದಿಲ್ಲ.
ಕೂತವಳು ನಾನೊಬ್ಬಳೇ, ಹದಿನಾಲ್ಕು ವರ್ಷದಿಂದ,
ತಗಡಿನ ಗೂಡಿನಲ್ಲಿ, ತೊಡೆಯ ಮೇಲೆ
ಬ್ರೆಡ್ಡಿನ ಪೊಟ್ಟಣದಷ್ಟೇ ಇರುವ ಲ್ಯಾಪ್‌ಟಾಪು.
ದೋಣಿಯಿಂದ ಏಡಿ ಇಳಿಯುತ್ತದೆ, ತೂಕ ಕೂಗುತ್ತಾರೆ,
ನಾನು ಕುಟ್ಟುತ್ತೇನೆ.

ಕೀಲಿಗಳ ಮೇಲೆ ಈಗ ಅಕ್ಷರ ಅಷ್ಟಕ್ಕಷ್ಟೆ.
ಸೊನ್ನೆ ಅರ್ಧ ಅಳಿದು ಬಿದಿಗೆಯ ಚಂದ್ರ.
ಎಂಟನ್ನು ಎರಡು ಸಲ ಒತ್ತಬೇಕು,
ಎರಡನೆಯದು ಸಿಟ್ಟಿನಲ್ಲಿ.
ಒಳಗಿನ ಫ್ಯಾನಿಗೆ ಉಬ್ಬಸ. ಬೈಯುವಂತಿಲ್ಲ,
ಜುಲೈ ಚಳಿಯಲ್ಲಿ ನನ್ನ ಎಡಗೈ ಕಾಯಿಸುವುದು ಆ ಉಸಿರೇ.

ಮೊನ್ನೆ ಸಂಘದ ಕಚೇರಿಯಿಂದ ಎವಾರಿಸ್ತೊ ಬಂದ,
ಕೋಟಿನೊಳಗಿಂದ ಟ್ಯಾಬ್ಲೆಟ್ಟು ತೆಗೆದ,
ಮರಿ ಹೊತ್ತು ತಂದವನ ಹಾಗೆ.
"ಇನ್ನು ಇದೇ, ನೇಲಿದಾ. ನಿನ್ನ ಲೆಕ್ಕವೆಲ್ಲ ಇದರೊಳಗಿದೆ.
ಆ ಪುಟಾಣಿ ಲ್ಯಾಪ್‌ಟಾಪುಗಳ ಕಾಲ ಮುಗಿಯಿತು."
ಮುಗಿಯಿತು ಅನ್ನುವುದು ಎಷ್ಟು ಸಲೀಸು
ಹೊಸದು ಕೈಯಲ್ಲಿದ್ದವನಿಗೆ!

ಕೈಗವಸಿನಲ್ಲಿ ಮುಟ್ಟಿದೆ. ಗುರುತೇ ಇಲ್ಲದಂತೆ ಸುಮ್ಮನಿತ್ತು.
ಕಳಚಿ ಮುಟ್ಟಿದೆ. ಒದ್ದೆ ಬೆರಳು, ಉಪ್ಪು, ಏಡಿಯ ನೀರು.
ನೂರ ನಲವತ್ತು ಕಿಲೋ ಬರೆಯಹೋದರೆ
ಸೊನ್ನೆಯ ಹಿಂದೆ ಸೊನ್ನೆ ಸಾಲುಗಟ್ಟಿ
ಒಂದು ಕೋಟಿ ನಲವತ್ತು ಲಕ್ಷ.
ಅಷ್ಟು ಏಡಿ ಇಡೀ ಜಲಸಂಧಿಯಲ್ಲೇ ಇಲ್ಲ
ಎಂದು ಧಕ್ಕೆ ನಕ್ಕಿತು.
ನಾನೂ ನಕ್ಕೆ, ಗೆದ್ದವಳ ಹಾಗೆ.

ಆಗ ಬಂದ ಬಾಲ್ದೊಮೇರೊ.
ಓದು ಬಾರದವನು. ನನ್ನ ಕೀಲಿಮಣೆಯನ್ನು
ಹಲ್ಲಿರುವ ಪ್ರಾಣಿಯೆಂಬಂತೆ ದೂರದಿಂದಲೇ ನೋಡಿದವನು,
ನಾನು ಕುಟ್ಟಿದ್ದನ್ನೆಲ್ಲ ನಂಬಿದವನು.
(ನಂಬದೆ ಇನ್ನೇನು ಮಾಡಿಯಾನು?)
ಕೈ ಒರೆಸಿಕೊಂಡು ಬಾಗಿದ.
ತನ್ನ ಹಳದಿ ದೋಣಿಯ ಚಿತ್ರವನ್ನು ಬೆರಳಿನಲ್ಲಿ ಒತ್ತಿದ.
ನೀಲಿ ಕಂಬಗಳು ಎದ್ದವು, ದಿನಕ್ಕೊಂದು.
ಅಕ್ಷರ ಬಾರದವನಿಗೂ ಎತ್ತರ ಬರುತ್ತದೆ.
ಬಹಳ ಹೊತ್ತು ನೋಡಿ ಕೇಳಿದ,
"ಮಂಗಳವಾರ ಯಾಕೆ ಇಷ್ಟು ಕುಳ್ಳ?"

ಮಂಗಳವಾರ ಅವನದು ನೂರ ಎಂಬತ್ತೆಂಟು ಕಿಲೋ.
ಬರೆದದ್ದು ಹದಿನೆಂಟು.
ಒಂದು ಎಂಟಿಗೆ ನಾನು ಸಿಟ್ಟು ಮಾಡಿರಲಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವಂತೆ.
ನನಗೆ ಬೇಕಾಯಿತು.
ಇನ್ನೆಷ್ಟು ಮಂಗಳವಾರಗಳೋ,
ಇನ್ನೆಷ್ಟು ಜನರ ಎಂಟುಗಳೋ.

"ಈಗ ಹೇಳು, ಯಾವುದಿರಲಿ?" ಅಂದ ಎವಾರಿಸ್ತೊ.
ಅವನ ದನಿಯಲ್ಲಿ ಗೆಲುವಿರಲಿಲ್ಲ, ಪಾಪ.
ಇವನಿಗೆ ನೂರ ಎಪ್ಪತ್ತು ಕಿಲೋದ ದುಡ್ಡು ಬಾಕಿ,
ಮೊದಲು ಅದು, ಅಂದೆ.
ನನ್ನ ಬೆರಳು ಇನ್ನೂ ಒದ್ದೆ. ಗಾಜು ಒಪ್ಪಲಿಲ್ಲ.
ಎರಡರ ನಡುವೆ ತಂತಿ ಸೇರಿಸಿದ ಅವನು.
ನಾನು ಹಳೆಯದನ್ನು ತೊಡೆಗೆಳೆದುಕೊಂಡು
ಎಂಟನ್ನು ಕುಟ್ಟಿದೆ,
ಕುಟ್ಟಿದೆ, ಮತ್ತೆ ಕುಟ್ಟಿದೆ,
ಆಮೇಲೆ ಮೂವರೂ ತಲೆಗೆ ತಲೆ ತಾಗಿಸಿ
ಗಾಜಿನ ಮೇಲೆ ಬಾಗಿದೆವು
ಬಾಲ್ದೊಮೇರೊನ ಮಂಗಳವಾರ ಬೆಳೆಯುತ್ತದೆಯೇ ನೋಡಲು.