ತಿಗಣೆಗೆ ಅತ್ತರು

ಶಾರ್ಜಾದ ರೋಲಾ, ಸಲೂನಿನ ಮೇಲಿನ ಕೋಣೆ.
ಎಂಟು ಮಂಚ, ಒಂದು ಏಸಿ, ಒಂದು ಕನ್ನಡಿ.
ಒಂಬತ್ತನೆಯವರು ಬಾಡಿಗೆ ಕೊಡುವುದಿಲ್ಲ;
ಹಲಗೆಯ ಸೀಳಿನಲ್ಲಿ ಸಂಸಾರ ಹೂಡಿ
ಲೈಟು ಆರಿದ ಮೇಲೆ ಊಟಕ್ಕೆ ಬರುತ್ತಾರೆ.

ಹೋದ ವರ್ಷ ಒಬ್ಬ ಬಿಳಿ ಮಾತ್ರೆ ತಂದಿದ್ದ.
'ಒಂದೇ ರಾತ್ರಿ ಬಾಗಿಲು ಹಾಕಿ, ಬೆಳಿಗ್ಗೆ ಎಲ್ಲ ಸಾಫ್.'
ಗೋಡೆಯಾಚೆ ಒಂದು ಮಗು ಮಲಗುತ್ತದೆ,
ಅದರ ಕೆಮ್ಮೇ ನನಗೆ ಅಲಾರಂ.
ಗೋಡೆಯೆಂದರೆ ಏನು, ಬಣ್ಣ ಬಳಿದ ಪ್ಲೈವುಡ್ಡು.
ಇದ್ದಿನಬ್ಬ ಮಾತಾಡಲಿಲ್ಲ. ಮಾತ್ರೆಯವನ ತೋಳು ಹಿಡಿದು
ಡಬ್ಬಿಯ ಸಮೇತ ಮೂರು ಮಹಡಿ ಇಳಿಸಿ ಬಂದ.

ಸೂಕಿನ ಅತ್ತರಂಗಡಿಯಲ್ಲಿ ಇಪ್ಪತ್ತಾರು ವರ್ಷ
ಹನಿ ಎಣಿಸಿದ ಕೈ ಅವನದು.
ಮಾರನೆಯ ದಿನ ಲವಂಗದೆಣ್ಣೆ ತಂದ,
ಮಜ್ಜಿಗೆಹುಲ್ಲಿನದು ಸ್ವಲ್ಪ, ಪಾತ್ರೆ ತೊಳೆಯುವ ಸೋಪು ಒಂದು ಚಮಚ,
ನಾನು ಮಾಲ್‌ನಿಂದ ತಂದ ಗಾಜಿನ ಸ್ಪ್ರೇ ಬಾಟಲಿ.
'ಸಾಯುತ್ತವಾ?' ಅಂದೆ.
'ಮೈಮೇಲೆ ಬಿದ್ದವು ಸಾಯುತ್ತವೆ.
ಒಣಗಿದ ಮೇಲೆ ಬರೀ ಹೆದರಿಕೆ.
ಮೊಟ್ಟೆ ಯಾರ ಮಾತೂ ಕೇಳುವುದಿಲ್ಲ.
ಜುಮ್ಮಾ ತಪ್ಪಿದರೂ ಇದು ತಪ್ಪಬಾರದು ಮಾರಾಯ' ಎಂದವನು
ತಪ್ಪು ಮಾತಾಡಿದೆನೆಂದು ಕೆನ್ನೆ ಬಡಿದುಕೊಂಡ.

ಹಳೆಯ ಟೂತ್‌ಬ್ರಶ್ಶಿನಲ್ಲಿ ಸೀಳು ಸೀಳಿಗೆ ಹಚ್ಚಿದೆ.
ಕೋಣೆಗೆ ಕೋಣೆಯೇ ಹಲ್ಲಿನ ಡಾಕ್ಟರು.
ಮೇಲಿನ ಮಂಚದ ಲಿಗೋರಿಗೆ ಬಿರಿಯಾನಿಯ ಕನಸು,
ನನಗೆ ಬರೀ ಸೀನು. ಆದರೂ
ನಾಲ್ಕು ಗಂಟೆ ಒಂದೇ ಮಗ್ಗುಲಲ್ಲಿ ಮಲಗಿದೆ.

ಮಾಲ್‌ನಲ್ಲಿ ನಾನು ಒರೆಸುವುದು ಸೆಂಟಿನ ಕೌಂಟರು.
ಅಬಾಯಾದ ಹೆಂಗಸೊಬ್ಬಳು ಬಾಟಲಿಗಳನ್ನೆಲ್ಲ ಮೂಸಿ
'ಇದಲ್ಲ, ಅದು' ಎಂದಳು, ನನ್ನ ಕಾಲರಿನತ್ತ ಬೆರಳು.
'ಕರಂಫುಲ್' ಅಂದೆ, ಲವಂಗ.
ಯಾತಕ್ಕೆಂದು ಹೇಳಲಿಲ್ಲ.
ಸೂಪರ್‌ವೈಸರ್ ಹೆಸರು ಬರೆದುಕೊಂಡ:
ಡ್ಯೂಟಿಯಲ್ಲಿ ಸುಗಂಧ ನಿಷಿದ್ಧ.

ಮೂರನೆಯ ವಾರ ಪಕ್ಕದವನು ಬಾಗಿಲು ಬಡಿದ.
ಮಗುವಿನ ತೋಳೆತ್ತಿ ತೋರಿಸಿದ:
ಸಾಲಾಗಿ ಮೂರು ಕೆಂಪು ಚುಕ್ಕೆ.
'ನಿಮ್ಮವು ನಮ್ಮಲ್ಲಿಗೆ ಬಂದಿವೆ.'
ಹೆದರಿಕೆಗೂ ಎಲ್ಲಿಗಾದರೂ ಹೋಗಬೇಕಲ್ಲ,
ನಮಗದು ಹೊಳೆದಿರಲಿಲ್ಲ.
ಉಳಿದ ಅರ್ಧ ಬಾಟಲಿಯನ್ನು ಇದ್ದಿನಬ್ಬ ಅವನ ಕೈಗಿಟ್ಟ.
'ಮಂಚದ ಕಾಲಿಗೆ ಮಾತ್ರ. ಮಗುವಿನ ಮೈಗೆ, ಬಟ್ಟೆಗೆ ಬೇಡ.
ಹಚ್ಚಿದ ಮೇಲೆ ಕಿಟಕಿ ತೆಗೆದಿಡು.'
ಕಿಟಕಿ ಇಲ್ಲ ಅಂದ ಅವನು.
'ಹಾಗಾದರೆ ಬಾಗಿಲು.'

ಈಗ ಶುಕ್ರವಾರ ಮಧ್ಯಾಹ್ನ
ಪ್ಲೈವುಡ್ಡಿನ ಈಚೆ ನನ್ನ ಬ್ರಶ್ಶು, ಆಚೆ ಅವನದು,
ಒಂದೇ ಸೀಳನ್ನು ಉಜ್ಜುತ್ತವೆ.
ನಡುವೆ, ಬೆರಳು ಹೋಗದ ಕತ್ತಲಲ್ಲಿ
ಅವು ಉಪವಾಸ ಕೂತಿವೆ,
ನಮ್ಮಿಬ್ಬರಲ್ಲಿ ಮೊದಲು ಮರೆಯುವವರು ಯಾರೆಂದು
ವಾರ ಎಣಿಸುತ್ತ.