ಹನ್ನೊಂದರ ಸಾಲು

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಡೋರೀನ್
ಆಂಬುಲೆನ್ಸಿನೊಳಗಿಂದ ಕೂಗಿ ಹೇಳಿದ್ದು ಎರಡೇ ಮಾತು:
ಹಿಂದಿನ ಬಾಗಿಲ ಚಿಲಕ ಹಾಕು.
ಮೆಗ್‌ಗೆ ಏಳಕ್ಕೊಮ್ಮೆ, ಐದಕ್ಕೊಮ್ಮೆ. ನಡುವೆ ಏನೂ ಇಲ್ಲ.

ಹಾಗೆ ಗ್ರಿಮ್ಸ್‌ಬಿಯ ಈ ಇಟ್ಟಿಗೆ ಸಾಲಿನಲ್ಲಿ
ಒಂದು ಗೋಡೆಯಾಚೆಯಿಂದ ನಮ್ಮ ಮನೆಗೆ ಬಂತು
ಹದಿಮೂರು ವರ್ಷದ ನಾಯಿ,
ಜೊತೆಗೆ ಅದರ ಚಾಪೆ, ತಗಡಿನ ಬಟ್ಟಲು, ಅರ್ಧ ಚೀಲ ಒಣ ಕಾಳು.

ಮೀನಿನ ಕಾರ್ಖಾನೆಯಲ್ಲಿ ಚನ್ನಬಸಪ್ಪನಿಗೆ ಬೆಳಗಿನ ಪಾಳಿ,
ವೃದ್ಧರ ಮನೆಯಲ್ಲಿ ನನಗೆ ರಾತ್ರಿಯದು.
ವಾರದ ದಿನಗಳಲ್ಲಿ ನಾವು ಭೇಟಿಯಾಗುವುದು
ಫ್ರಿಜ್ಜಿನ ಬಾಗಿಲಲ್ಲಿ, ಚೀಟಿಗಳಾಗಿ.
ಮೊದಲ ವಾರ ಅವನೂ ಹಾಕಿದ, ನಾನೂ ಹಾಕಿದೆ.
ಮೆಗ್ ಇಬ್ಬರೆದುರೂ
ಏಕಾದಶಿ ಮಾಡಿದ ಮುಖ ಹೊತ್ತು ಕೂತಿತು.
ಶುಕ್ರವಾರ ತಕ್ಕಡಿ ಹತ್ತಿಸಿದಾಗ
ಡಾಕ್ಟರಮ್ಮ ಅಂಕಿ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

ಅವತ್ತೇ ಪಟ್ಟಿ ಬರೆದೆ.
ಹೊತ್ತು, ಅಳತೆ, ಹಾಕಿದವರ ಸಹಿ.
ಒಂದು ಹೊತ್ತಿಗೆ ನೂರಾ ಹತ್ತು ಗ್ರಾಂ:
ತೂಗಿ ನೋಡಿದರೆ, ಕೈಯಿಂದ ತಲೆ ಸವರಿದ ಒಂದು ಪಾವು.
ಅವ್ವ ಕಟ್ಟಿಕೊಟ್ಟ ಹಿತ್ತಾಳೆಯ ಪಾವು.
ಅಕ್ಕಿ ಅಳೆಯೋದರಲ್ಲಿ ನಾಯಿಯ ಕಾಳಾ, ಅಂದ ಅವನು.
ತೊಳಿತೀನಲ್ಲ, ಅಂದೆ.

ಹಿರೇಕೆರೂರಿನ ಹಿತ್ತಲಲ್ಲಿ ನಾಯಿಗೆ ಪಟ್ಟಿ ಇರಲಿಲ್ಲ.
ಅವ್ವ ಕೊನೆಯ ರೊಟ್ಟಿ ಮುರಿಯುವ ಚಟ್ ಎಂಬ ಸದ್ದು,
ಅಷ್ಟಕ್ಕೇ ಬೇಲಿ ಹಾರಿ ಬರುತ್ತಿತ್ತು.

ಏಳು ಸರಿಯಾಯಿತು. ಐದೂ ಸರಿಯಾಯಿತು.
ಸರಿಹೋಗದ್ದು ಹನ್ನೊಂದು.
ಹಗಲಿಗೆ ಪರದೆ ಎಳೆದು ನಾನು ಮಲಗಿರುವಾಗ
ಹಾಸಿಗೆಯ ಅಂಚಿಗೆ ಒಂದು ಗದ್ದ.
ಬಾಲ ಆಡಿಸುವುದಿಲ್ಲ, ಕುಂಯ್ ಅನ್ನುವುದಿಲ್ಲ,
ಬರೀ ಉಸಿರು, ಬಾಕಿ ವಸೂಲಿಗೆ ಬಂದವರ ಹಾಗೆ.
ನಾಯಿಗೆ ಕೆಲಸವಿಲ್ಲ, ನಿಲ್ಲಲು ಹೊತ್ತಿಲ್ಲ ಎಂದವರು
ಈ ನಾಯಿಯನ್ನು ಕಂಡಿರಲಿಲ್ಲ.
ಪಟ್ಟಿಯಲ್ಲಿಲ್ಲ, ಹೋಗು ಅಂದೆ.
ಓದಲು ಬಾರದ್ದಕ್ಕೆ ಪಟ್ಟಿಯ ಮಾತು.

ಅಕ್ಟೋಬರ್ ಕೊನೆಯ ಭಾನುವಾರ
ದೇಶವೆಲ್ಲ ಗಡಿಯಾರದ ಮುಳ್ಳು ಹಿಂದೆ ಸರಿಸಿತು.
ಮೆಗ್ ಸರಿಸಲಿಲ್ಲ.
ಏಳರ ಪಾವಿಗೆ ಆರಕ್ಕೇ ಬಟ್ಟಲು ತಳ್ಳಿತು.
ಹೊಸ ಪಟ್ಟಿ: ದಿನಕ್ಕೆ ಹತ್ತು ನಿಮಿಷ ತಡ,
ಆರು ಹತ್ತು, ಆರು ಇಪ್ಪತ್ತು,
ಅಳುವ ಕೂಸನ್ನು ತೊಡೆಯಿಂದ ತೊಟ್ಟಿಲಿಗೆ ಇಳಿಸುವಂತೆ.
ಹನ್ನೊಂದು ಮಾತ್ರ ಒಂದೇ ಏಟಿಗೆ ಹತ್ತಾಯಿತು.
ನನ್ನ ನಿದ್ದೆಯಿಂದ ಒಂದು ಗಂಟೆ ಸರಕಾರಕ್ಕೆ ಹೋಯಿತು.

ಗುರುವಾರ ಬಸ್ಸು ಹಿಡಿದು ವಾರ್ಡಿಗೆ ಹೋದೆ.
ಡೋರೀನ್ ತೂಕ ಕೇಳಿದಳು, ಮಲ ಗಟ್ಟಿಯಾ ಕೇಳಿದಳು,
ಪಟ್ಟಿಯ ಫೋಟೋವನ್ನು ಬೆರಳಿಂದ ದೊಡ್ಡದು ಮಾಡಿ ನೋಡಿದಳು.
ಹನ್ನೊಂದಕ್ಕೆ ಬಂದು ಎಬ್ಬಿಸತ್ತೆ, ಅಂದೆ.
ಅವಳು ನರ್ಸ್ ಅತ್ತ ತಿರುಗುವವರೆಗೆ ಕಾದಳು.
ಟೋಸ್ಟ್, ಅಂದಳು.
ಚಹಾದ ಜೊತೆ ನನಗರ್ಧ, ಅದಕ್ಕರ್ಧ. ಬೆಣ್ಣೆ ಸವರಿ.
ಕೆನ್ ಹೋದಾಗಿನಿಂದ.
ಒಬ್ಬಳೇ ತಿಂದರೆ ಗಂಟಲಲ್ಲಿ ಇಳಿಯೋದಿಲ್ಲ.
ಗೇಲ್‌ಗೆ ಹೇಳಬೇಡ, ಮಗಳು ಅಂತಲೂ ನೋಡದೆ ಬೈತಾಳೆ
ಅಂದವಳು ತಾನೇ ತಪ್ಪು ಹೇಳಿದೆ ಎಂದು ನಕ್ಕಳು.

ಮನೆಗೆ ಬಂದು ಸಂಜೆಯ ಪಾವಿನಿಂದ ಒಂದು ಹಿಡಿ ತೆಗೆದೆ.
ಏಳಕ್ಕೂ ಐದಕ್ಕೂ ನಡುವೆ ಒಂದು ಸಾಲು ಕನ್ನಡದಲ್ಲಿ ಬರೆದೆ.
ಚನ್ನಬಸಪ್ಪ ಓದಿದ, ಏನೂ ಕೇಳಲಿಲ್ಲ,
ಮರುದಿನ ಬ್ರೆಡ್ಡು ಎರಡು ತಂದಿಟ್ಟ.

ಟೋಸ್ಟ್ ಮುರಿದರೆ ರೊಟ್ಟಿಯ ಸದ್ದು ಬರುವುದಿಲ್ಲ,
ಒಂದು ಥರಾ ಮೆತ್ತಗೆ ಕಿರುಗುಟ್ಟುತ್ತದೆ.
ಮೆಗ್‌ಗೆ ಅಷ್ಟು ಸಾಕು.
ನನಗೂ, ಅರೆನಿದ್ದೆಯಲ್ಲಿ, ಮಿಕ್ಕ ಅರ್ಧ ರುಚಿಸುತ್ತದೆ.

ಭಾನುವಾರ ಗೇಲ್ ಬಂದಳು, ಪಟ್ಟಿಗೆ ತಲೆದೂಗಿದಳು,
ನಡುವಿನ ಸಾಲಿನ ಮೇಲೆ ಉಗುರಿಟ್ಟಳು.
ಈ ದುಂಡು ದುಂಡು ಅಕ್ಷರ ಏನು, ಔಷಧಿಯಾ?
ಹೌದು, ಅಂದೆ.
ದಿನಕ್ಕೊಂದು ಸಲ. ಇಬ್ಬರಿಗೂ.